ಸುಟ್ಟಿದ್ದು ಒಂದೇ ಬಂಗಲೆ

ಸರೋಜ ಚಿಕ್ಕಮ್ಮ: (ಫಾರ್ವರ್ಡ್) ಅಮೆರಿಕದ ಅತಿ ದೊಡ್ಡ ಪ್ಲಾಂಟೇಶನ್ ಬಂಗಲೆ ಬೆಂಕಿಗೆ ಆಹುತಿ! ಮಿಸಿಸಿಪ್ಪಿ ನದಿ ದಂಡೆಯ ಹಳೇ ಬಂಗಲೆಗಳೆಲ್ಲ ಬಂದ್!!

ಸರೋಜ ಚಿಕ್ಕಮ್ಮ: ವಿದ್ಯಾ, ಡಿಸೆಂಬರಲ್ಲಿ ಅಲ್ಲಿಗೇ ತಾನೇ ಹೊರಟಿರೋದು? ಕ್ಯಾನ್ಸಲ್ ಮಾಡ್ಸಮ್ಮ.

ಪ್ರದೀಪ: ಬಂಗಲೆ ಹೆಸರಿಲ್ಲ, ತಾರೀಖಿಲ್ಲ. ಲಿಂಕ್ ಹಾಕಿ ಚಿಕ್ಕಮ್ಮ.

ಸರೋಜ ಚಿಕ್ಕಮ್ಮ: ನಾನು ಹಾಕಿದ್ದೆಲ್ಲ ನಿಂಗೆ ಸುಳ್ಳೇ. ನಿಮ್ಮತ್ತೆ ಹಾಕಿದ್ರೆ ಮಾತ್ರ ಕೈ ಮುಗೀತೀಯ.

ವಿದ್ಯಾ: ಸುಟ್ಟಿದ್ದು ನಾಟೊವೇ ಅನ್ನೋ ಬಂಗಲೆ, ಲೂಸಿಯಾನಾದ ವೈಟ್ ಕ್ಯಾಸಲ್ ಊರಿಂದು. 2025ರ ಮೇ 15. 1859ರ ಬಂಗಲೆ, 53,000 ಚದರಡಿ. ನಾವು ನೋಡೋ ಓಕ್ ಆಲಿ, ಲಾರಾ, ವಿಟ್ನಿ ಬಂಗಲೆಗಳು ಬೇರೆ ಬೇರೆ ಜಾಗ, ಅವಕ್ಕೇನೂ ಆಗಿಲ್ಲ.

ದೊಡ್ಡಪ್ಪ: 155 ಜನ ಗುಲಾಮರನ್ನ ಇಟ್ಟುಕೊಂಡಿದ್ದವನ ಮನೆ ಅದು. ಅಂಥ ಕಡೆ ನಿಂತು ಫೋಟೋ ತೆಗೆಸಿಕೊಳ್ಳೋದು ಯಾವ ಸಂಸ್ಕಾರ?

ವಿದ್ಯಾ: ಅದಕ್ಕೇ ಮೊದಲು ವಿಟ್ನಿ ನೋಡಬೇಕು ದೊಡ್ಡಪ್ಪ. 2014ರಲ್ಲಿ ತೆರೆದ ಮ್ಯೂಸಿಯಂ. ಅಲ್ಲಿ ಹೇಳೋದು ಕಬ್ಬಿನ ತೋಟದ ಗುಲಾಮರ ಬದುಕನ್ನೇ, ಕಲ್ಲಿನ ಮೇಲೆ ಅವರ ಹೆಸರು ಕೆತ್ತಿದ್ದಾರೆ. ಮಂಗಳವಾರ ರಜಾ.

ರಮೇಶಣ್ಣ: ಕಬ್ಬಿನ ಸೀಮೆನಾ? ತಾತನ ಆಲೆಮನೆ ನೆನಪಾಯ್ತು! ಕೊಪ್ಪರಿಗೆ ಪಕ್ಕ ಬಾಳೆಎಲೆ ಹಿಡ್ಕೊಂಡು ಬಿಸಿ ಬೆಲ್ಲಕ್ಕೆ ಕಾಯೋದು...

ವಿದ್ಯಾ: ಅಲ್ಲೂ ಕೊಪ್ಪರಿಗೆಗಳೇ ರಮೇಶಣ್ಣ, ಸಾಲಾಗಿ. ಕುದಿಯೋ ರಸಾನ ದೊಡ್ಡದರಿಂದ ಚಿಕ್ಕದಕ್ಕೆ ಸೌಟಲ್ಲಿ ತೋಡಿ ಹಾಕ್ತಾ ಹೋಗ್ಬೇಕು. ಕಡಿದ ಕಬ್ಬು ಹುಳಿಯೋಕೆ ಮುಂಚೆ ಅರೀಬೇಕು, ಕಬ್ಬು ಹೆಪ್ಪುಗಟ್ಟೋ ಚಳಿ ಬರೋಕೆ ಮುಂಚೆ ಹೊಲ ಮುಗೀಬೇಕು. ಹಗಲೂ ರಾತ್ರಿ ಪಾಳಿ. ನಿದ್ದೆಗೆಟ್ಟ ಗುಲಾಮರ ಕೈ ಗಾಣಕ್ಕೆ ಸಿಗ್ತಿತ್ತು, ಮೈಮೇಲೆ ರಸ ಚೆಲ್ತಿತ್ತು.

ಪ್ರದೀಪ: ದಾರಿ ಹೇಗೆ?

ವಿದ್ಯಾ: ನ್ಯೂ ಆರ್ಲಿಯನ್ಸಿಂದ ವಿಟ್ನಿಗೆ ಸುಮಾರು ಒಂದು ಗಂಟೆ. ವಿಟ್ನಿ, ಲಾರಾ, ಓಕ್ ಆಲಿ ಪಶ್ಚಿಮ ದಂಡೆ. ಹೌಮಸ್ ಹೌಸ್ ಅನ್ನೋ ಇನ್ನೊಂದು ಬಂಗಲೆ ಪೂರ್ವ. ಮ್ಯಾಪಲ್ಲಿ ಪಕ್ಕಪಕ್ಕ ಕಾಣುತ್ತೆ, ಆದರೆ ಗ್ರಾಮರ್ಸಿ ಇಲ್ಲಾ ಸನ್‌ಶೈನ್ ಸೇತುವೆವರೆಗೂ ಹೋಗಿ ದಾಟಬೇಕು. ಒಂದು ದಿನ ಒಂದೇ ದಂಡೆ ಇಟ್ಕೊಳ್ಳಿ. ರಸ್ತೆಯಿಂದ ಹೊಳೆ ಕಾಣಲ್ಲ, ಮಣ್ಣಿನ ಒಡ್ಡು ಅಡ್ಡ.

ಹೊಳೆ ಕಣ್ತುಂಬ ನೋಡೋಕೆ ನ್ಯಾಚೆಜ್. 1716ರಲ್ಲಿ ಫ್ರೆಂಚರು ಎತ್ತರದ ದಿಬ್ಬದ ಮೇಲೆ ಕೋಟೆ ಕಟ್ಟಿದ ಊರು, ನ್ಯೂ ಆರ್ಲಿಯನ್ಸಿಂದ 61ನೇ ಹೆದ್ದಾರೀಲಿ ಮೂರು ಗಂಟೆ. ಅಲ್ಲಿ ಲಾಂಗ್‌ವುಡ್ ಬಿಡಬೇಡಿ: ಎಂಟು ಮೂಲೆ ಬಂಗಲೆ, 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಕೆಲಸದವರು ಬಿಟ್ಟುಹೋದ್ರು. ಕೆಳಗಿನ ಅಂತಸ್ತು ಮಾತ್ರ ಮುಗಿದಿದೆ, ಮೇಲೆಲ್ಲ ಬರೀ ಇಟ್ಟಿಗೆ, ತೊಲೆ. ಗುಲಾಮರ ಸಂತೆ ನಡೀತಿದ್ದ ಫೋರ್ಕ್ಸ್ ಆಫ್ ದ ರೋಡೂ ಆ ಊರಲ್ಲೇ. ನ್ಯಾಚೆಜ್ ಟ್ರೇಸ್ ರಸ್ತೆ ಹಿಡಿಯೋದಾದ್ರೆ ಮೊದಲೇ ಪೆಟ್ರೋಲ್ ತುಂಬಿಸ್ಕೊಳ್ಳಿ, ಆ ರಸ್ತೇಲಿ ಬಂಕ್ ಇಲ್ಲ.

ಸರೋಜ ಚಿಕ್ಕಮ್ಮ: ಪ್ರದೀಪ, ಸುಟ್ಟಿದ್ದು ನಿಜ ತಾನೇ?

ಪ್ರದೀಪ: ಅದು ನಿಜ. ಎಲ್ಲ ಬಂದ್ ಅನ್ನೋದು ಸುಳ್ಳು.

ಸರೋಜ ಚಿಕ್ಕಮ್ಮ: ನಿಜ ಅಂತ ಒಪ್ಕೊಂಡ್ಯಲ್ಲ, ಸಾಕು.

ದೊಡ್ಡಪ್ಪ: ವಿದ್ಯಾ, ಆ ಹೆಸರು ಕೆತ್ತಿರೋ ಕಲ್ಲಿಂದು ಒಂದು ಫೋಟೋ ಕಳಿಸಮ್ಮ. ಓದೋ ಹಾಗಿರಲಿ.