‘ಗೋ-ಅಲಾಂಗ್’ ಸಂದರ್ಶನಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಸಮುದಾಯ ಆರೋಗ್ಯದ ಸಂಶೋಧನೆಯೊಂದರ ಮಾಹಿತಿ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪಾಲ್ಗೊಳ್ಳುವವರಿಗೆ ತಿಳಿಯುವ ಭಾಷೆಯಲ್ಲೇ ಅದು ಇರಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳುತ್ತದೆ. ಕೆಲಸ ನಿಂತಿರುವುದು ‘ಗೋ-ಅಲಾಂಗ್’ ಅನ್ನುವ ಪದದಲ್ಲಿ.

ಈ ಬಗೆಯ ಸಂದರ್ಶನದಲ್ಲಿ, ಜನರನ್ನು ಕುರ್ಚಿಯಲ್ಲಿ ಕೂರಿಸಿ ಪ್ರಶ್ನೆ ಕೇಳುವ ಬದಲು, ಅವರು ದಿನಾ ಓಡಾಡುವ ಕಡೆ ಸಂಶೋಧಕರೂ ಜೊತೆಗಿರುತ್ತಾರೆ. ನೀರಿನ ಟ್ಯಾಂಕು, ರೇಷನ್ ಅಂಗಡಿ, ಅಂಗನವಾಡಿ, ಪಿಎಚ್‌ಸಿ, ಹೀಗೆ. ದಾರಿ ಯಾವುದು, ಎಲ್ಲಿ ನಿಲ್ಲಬೇಕು, ಎಲ್ಲ ಅವರದೇ ತೀರ್ಮಾನ. ಬೀದಿದೀಪವಿಲ್ಲದ ತಿರುವು ಬಂದಾಗ ‘ಕತ್ತಲಾದ ಮೇಲೆ ಈ ಕಡೆ ಬರಲ್ಲ’ ಅನ್ನುವ ಮಾತು ತಾನಾಗೇ ಹೊರಡುತ್ತದೆ. ಮನೆಯಲ್ಲಿ ಕೂತು ಕೇಳಿದರೆ ಅದು ನೆನಪಾಗುವುದೇ ಕಷ್ಟ. ಸಮಾಜಶಾಸ್ತ್ರಜ್ಞೆ ಮಾರ್ಗರೆಥೆ ಕುಸೆನ್‌ಬಾಖ್ 2003ರಲ್ಲಿ ಈ ವಿಧಾನದ ಬಗ್ಗೆ ಬರೆದರು. 2009ರಲ್ಲಿ ರಿಚರ್ಡ್ ಕಾರ್ಪಿಯಾನೊ ಇದು ಆರೋಗ್ಯ ಸಂಶೋಧನೆಗೆ ಹೇಗೆ ಒದಗುತ್ತದೆ ಅಂತ ತೋರಿಸಿದರು.

‘ಮೊಬೈಲ್ ಸಂದರ್ಶನ’ ಅಂದರೆ ಫೋನಿನಲ್ಲಿ ಮಾತಾಡುವುದು ಅಂತಲೇ ಎಲ್ಲರೂ ತಿಳಿಯುತ್ತಾರೆ, ಅದು ಬೇಡ. ‘ಸಂಚಾರಿ’ ಅಂದರೆ ಸಂಚಾರಿ ಆರೋಗ್ಯ ಘಟಕದ ವ್ಯಾನು ಕಣ್ಣಮುಂದೆ ಬರುತ್ತದೆ. ‘ನಡಿಗೆ ಸಂದರ್ಶನ’ ಕಿವಿಗೆ ಚೆನ್ನ, ಆದರೆ ಬಸ್ಸಲ್ಲೋ ಗಾಲಿಕುರ್ಚಿಯಲ್ಲೋ ಹೋಗುವವರ ಕಥೆ? ‘ಒಡನಾಟ’ದಲ್ಲಿ ವರ್ಷಗಟ್ಟಲೆಯ ಸ್ನೇಹ ಕೂತಿದೆ. ಸುಮ್ನೆ ಒಂದು ಗಂಟೆ ಜೊತೆಗಿದ್ದವರಿಗೆ ಅದು ಜಾಸ್ತಿ ಆಯ್ತು.

ನನಗೆ ತೋಚಿದ್ದು, ‘ಜೊತೆ ಹೋಗುವುದು’ ಅಲ್ಲ, ‘ಜೊತೆ ಬರುವುದು’. ‘ನಿಮ್ಮ ಜೊತೆ ಬರ್ತೀವಿ’ ಅಂದಕೂಡಲೇ ಹೊರಟವರು ನೀವು, ನಾವು ಹಿಂದೆ ಬರುವವರು ಅನ್ನುವುದು ತಿಳಿಯುತ್ತದೆ, ಅಲ್ವಾ? ಮುಂದಾಳು ಯಾರು ಅಂತ ಬೇರೆ ವಿವರಿಸಬೇಕಿಲ್ಲ. ಹಾಗಾಗಿ ಮಾಹಿತಿ ಪತ್ರದಲ್ಲಿ ಆ ವಾಕ್ಯವನ್ನೇ ಇಡುತ್ತೇನೆ. ತೊಂದರೆ ಇರುವುದು ವರದಿಯ ತಲೆಬರಹದಲ್ಲಿ, ಅಲ್ಲಿ ನಾಮಪದವೇ ಬೇಕು. ‘ಜೊತೆಬರವು’ ಅಂದರೆ ಬರಗಾಲದ ವಾಸನೆ. ‘ಜೊತೆಪಯಣ’ ಅಂದರೆ ಪ್ರೇಮಕಥೆ ಅಂದುಕೊಳ್ಳುತ್ತಾರೆ.

ಧಾರವಾಡದ ಕಡೆ ‘ನಿಮ್ ಜೋಡಿ ಬರ್ತೀನ್ರಿ’, ಮಂಗಳೂರಿನ ಕಡೆ ‘ನಿಮ್ಮೊಟ್ಟಿಗೆ ಬರ್ತೇನೆ’ ಅನ್ನುತ್ತಾರೆ. ಹೀಗೆ ಜೊತೆಗೆ ಬರುವುದಕ್ಕೇ ನಿಮ್ಮ ಕಡೆ ಒಂದು ಹೆಸರು ಇದೆಯೇ? ಮದುವೆಗೋ ಜಾತ್ರೆಗೋ ಒಬ್ಬರನ್ನು ಜೊತೆಗೆ ಕಳಿಸುವಾಗ ಬಳಸುವ ಪದವಾದರೂ ಸರಿ.

ಇನ್ನೊಂದು ಸಣ್ಣ ಪ್ರಶ್ನೆ. ಸಂದರ್ಶನದಲ್ಲಿ ಮಾತಾಡುವವರನ್ನು ‘ಮಾಹಿತಿದಾರ’ ಅಂದರೆ ಪೊಲೀಸರಿಗೆ ಸುಳಿವು ಕೊಡುವವನು ಅನ್ನಿಸುತ್ತದೆ. ‘ಪಾಲ್ಗೊಳ್ಳುವವರು’ ಉದ್ದವಾಯ್ತು. ‘ಪಾಲುಗಾರರು’ ಅಂದರೆ ಆಸ್ತಿ ಹಂಚಿಕೆ ನೆನಪಾಗುತ್ತದೆಯೇ?