ಅಜ್ಜನ ಪದ್ಮಿನಿ: ಅಡಿಭಾಗ ತೊಳೆಯಲೋ ಬೇಡವೋ?

ಶಿರಸಿ_ಪದ್ಮಿನಿ:
ಅಜ್ಜನ 1978ರ ಪ್ರೀಮಿಯರ್ ಪದ್ಮಿನಿ ಈಗ ನನ್ನ ಕೈಗೆ ಬಂದಿದೆ. ಮತ್ತೆ ಪೇಂಟ್ ಕಂಡ ಗಾಡಿಯಲ್ಲ. ಮೊನ್ನೆ ಕೆಳಗೆ ಮಲಗಿ ನೋಡಿದೆ. ಗೇರ್‌ಬಾಕ್ಸ್ ಸುತ್ತ ಬೆರಳು ದಪ್ಪ ಜಿಡ್ಡು. ಹಿಂದಿನ ಚಕ್ರದ ಒಳಗೆ ಕೆಂಪು ಮಣ್ಣು ಕಲ್ಲಾಗಿ ಕೂತಿದೆ. ಜಿಡ್ಡನ್ನು ಉಗುರಿನಿಂದ ಕೆರೆದರೆ ಒಳಗೆ ಕಂಪನಿ ಬಣ್ಣ ಹಾಗೇ ಇದೆ! ವಾಟರ್ ಸರ್ವಿಸ್‌ನವರು "ಪ್ರೆಶರ್ ಹೊಡೆದು ಕಪ್ಪು ಕೋಟಿಂಗ್ ಮಾಡಿಬಿಡೋಣ, ಹೊಸದಾಗುತ್ತೆ" ಅನ್ನುತ್ತಾರೆ. ನನಗೆ ಹೊಸದಾಗೋದು ಬೇಡ. ಏನು ಮಾಡಲಿ?

ಹಳೇ_ಸ್ಟೀರಿಂಗ್:
ಬೇಡ ಮಾರಾಯ್ರೆ, ಆ ಕೋಟಿಂಗ್ ಮಾತ್ರ ಬೇಡ. ನನ್ನ 1967ರ ಫಿಯೆಟ್‌ಗೆ ಮಾಡಿಸಿ ಕೆಟ್ಟೆ. ಸರಿಯಾಗಿ ಒಣಗಿಸದೆ ಬಳಿದಿದ್ದರು. ಒಳಗೇ ತೇವ ಉಳಿದು, ಎರಡು ಮಳೆಗಾಲಕ್ಕೆ ಡ್ರೈವರ್ ಕಾಲಡಿಯ ತಗಡು ಹಪ್ಪಳ ಆಯಿತು. ನನ್ನ ಫಿಯೆಟ್‌ಗೂ ನಿಮ್ಮ ಪದ್ಮಿನಿಗೂ ಬೇರೆ ಚಾಸಿ (ಗಾಡಿ ಹೊರುವ ಅಡಿ ಚೌಕಟ್ಟು) ಇಲ್ಲ, ಬಾಡಿಯೇ ಚಾಸಿ. ತಗಡು ಹೋದರೆ ಗಾಡಿಯೇ ಹೋಯಿತು.

ಜಿಡ್ಡಿಗೆ ಬೈಬೇಡಿ, ನಿಮ್ಮ ಬಣ್ಣ ಉಳಿಸಿದ್ದೇ ಅದು. ಕೆಟ್ಟದ್ದು ಮಣ್ಣು, ಮಳೆಗಾಲವಿಡೀ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮೊದಲು ಇಂಚಿಂಚೂ ಫೋಟೋ ತೆಗೀರಿ. ಆಮೇಲೆ ಅಡಿಕೆ ದಬ್ಬೆಯ ಚಕ್ಕೆ ಒಂದನ್ನು ಉಳಿ ಥರ ಹೆರೆದು, ಮಣ್ಣನ್ನು ನಿಧಾನ ಎಬ್ಬಿಸಿ. ವೈರ್ ಬ್ರಷ್ ಮುಟ್ಟಲೇಬೇಡಿ. ಜಿಡ್ಡಿಗೆ ಸೀಮೆಎಣ್ಣೆ, ಅದೂ ಬನಿಯನ್ ಬಟ್ಟೆಗೆ ಹಾಕಿ ಒರೆಸೋದು, ಸುರಿಯೋದಲ್ಲ. ಬೀಡಿ ದೂರ ಇರಲಿ. ಬ್ರೇಕ್ ಹೋಸ್, ರಬ್ಬರ್ ಬುಷ್ ಹತ್ತಿರ ಸೋಪ್ ನೀರು ಸಾಕು, ಸೀಮೆಎಣ್ಣೆ ತಾಗಿದರೆ ರಬ್ಬರ್ ಊದುತ್ತದೆ. ನಾನು ದಿನಕ್ಕೆ ಅಂಗೈ ಅಗಲ ಮಾಡುತ್ತಿದ್ದೆ. "ಪಾತ್ರೆಗೂ ಇಷ್ಟು ಪ್ರೀತಿ ತೋರಿಸಿ" ಅಂತ ಮನೆಯವಳ ಗೊಣಗಾಟ.

ಪಾನಾ_ನಂ_10:
ಜ್ಯಾಕ್ ಒಂದನ್ನೇ ನಂಬಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಕೊಡಿ. ಬಾಗಿಲ ಅಡಿಯಲ್ಲಿ ನೀರು ಇಳಿಯೋ ತೂತುಗಳಿವೆ, ಮಣ್ಣು ಕಟ್ಟಿರುತ್ತದೆ. ಹಿಡಿಕಡ್ಡಿ ಹಾಕಿ ಬಿಡಿಸಿ.

ಶಿರಸಿ_ಪದ್ಮಿನಿ:
ಡ್ರೈ ಐಸ್ (ಗಟ್ಟಿ ಮಾಡಿದ ಕಾರ್ಬನ್ ಡೈಆಕ್ಸೈಡ್) ಹೊಡೆದು ಗಾಡಿ ಕ್ಲೀನ್ ಮಾಡೋ ವಿಡಿಯೋ ನೋಡಿದೆ. ನೀರೇ ಇಲ್ಲದೆ ಕ್ಲೀನ್ ಆಗುತ್ತೆ, ಅಲ್ವಾ?

ಹಳೇ_ಸ್ಟೀರಿಂಗ್:
ಆಗುತ್ತೆ. ಮೈನಸ್ 78 ಡಿಗ್ರಿಯ ಹರಳು ಹೊಡೆಯುತ್ತಾರೆ, ಅದು ಆವಿಯಾಗಿ ಹೋಗುತ್ತದೆ. ಆದರೆ ಬಣ್ಣ ಎಲ್ಲಾದರೂ ಸಡಿಲ ಇದ್ದರೆ ಅದೂ ಜೊತೆಗೆ ಹಾರುತ್ತದೆ. ದುಡ್ಡೂ ಜಾಸ್ತಿ. ದಬ್ಬೆ ಸುಮ್ನೆ ಸಿಗುತ್ತಲ್ಲ!

ಶಿರಸಿ_ಪದ್ಮಿನಿ:
ಭಾನುವಾರ ಮೂರು ಗಂಟೆ ಕೂತೆ. ಡಿಫರೆನ್ಷಿಯಲ್ (ಹಿಂದಿನ ಚಕ್ರಗಳ ನಡುವಿನ ಗೇರ್ ಡಬ್ಬ) ಮೇಲೆ ಜಿಡ್ಡಿನಡಿ ಹಳದಿ ಬಣ್ಣದ ಒಂದು ಗೆರೆ ಬಂತು, ಯಾರೋ ಬ್ರಷ್‌ನಲ್ಲಿ ಸರಕ್ಕನೆ ಎಳೆದ ಹಾಗೆ. ಪದ್ಮಿನಿ ತಯಾರಾಗುತ್ತಿದ್ದ ಮುಂಬೈನ ಕುರ್ಲಾ ಕಾರ್ಖಾನೆಯವರದ್ದೇ ಇರಬಹುದಾ? ಅಲ್ಲಿಗೇ ಬಟ್ಟೆ ಕೆಳಗಿಟ್ಟೆ.