ಸಹಾಯ ಬೇಕು: ಅವ್ವನ್ನ ಮನ್ಯಾಗೇ ನೋಡ್ಕೊಳ್ಲಾಕ ಯಾರರ ಸಿಗ್ತಾರೇನ್ರಿ? (ಕಲಬುರಗಿ, ಶಹಾಬಜಾರ)

ಎಲ್ಲರಿಗೂ ಶರಣು ರೀ. ನಮ್ಮ ಅವ್ವಗ ಲಕ್ವಾ ಹೊಡದು ಎಡಗೈ ಎಡಗಾಲು ಬಿದ್ದಾವ, ಮಾತು ಬುದ್ಧಿ ಎಲ್ಲಾ ನೆಟ್ಟಗ ಅದ, ರೊಟ್ಟಿ ಹಾಲಿನ್ಯಾಗ ನೆನಸಿ ಕೊಟ್ರ ಬಲಗೈಲೆ ತಾನೇ ತಿಂತಾಳ. ಅಣ್ಣ ವೃದ್ಧಾಶ್ರಮಕ್ಕ ಬಿಡೋಣ ಅಂತಾನ, ನನಗ ಮನಸಿಲ್ಲ, ಓಣಿ ಮಂದಿ ಬಂದು ಮಾತಾಡ್ಸಿದ್ರೇ ಅರ್ಧ ಆರಾಮ ಆಗ್ತಾಳಕಿ. ನಾನು ಡ್ಯೂಟಿಗೆ ಹೋದಾಗ ಎರಡು ತಾಸಿಗೊಮ್ಮೆ ಮಗ್ಗಲಾ ಹೊಳ್ಳಿಸಿ ಡೈಪರ್ ಬದಲಿ ಮಾಡೋ ಹೆಣ್ಣುಮಗಳು ಬೇಕಾಗ್ಯಾಳ, ಬೆನ್ನು ಆಗ್ಲೇ ಕೆಂಪಾಗ್ಯದ, ಹುಣ್ಣಾಯ್ತಂದ್ರ ಭಾಳ ತ್ರಾಸ. 70 ದಾಟಿದವರ ಆಯುಷ್ಮಾನ್ ಕಾರ್ಡ್ ಅದ ಖರೆ, ಅದು ಅಡ್ಮಿಟ್ ಆದ್ರಷ್ಟೇ, ಮನಿಗೆ ಬರೋ ಆಯಾನ ಪಗಾರಕ್ಕ ನಡೆಯಂಗಿಲ್ಲ. 14567 ಹಿರಿಯರ ಸಹಾಯವಾಣಿಗೂ ಫೋನ್ ಹಚ್ಚಿ ಕೇಳ್ತೀನಿ. ಮನಿಗೇ ಬರೋ ಫಿಸಿಯೋದವ್ರು ಗೊತ್ತಿದ್ರೂ ಹೇಳ್ರಿ, ತಿಂಗಳಿಗಿ ಎಷ್ಟ್ ತಗೋತಾರ ಅಂತನೂ. ಅಡ್ವಾನ್ಸ್ ತಗೊಂಡು ದಿನಕ್ಕೊಬ್ಬಾಕಿನ್ನ ಕಳ್ಸೋ ಏಜೆನ್ಸಿ ಮಾತ್ರ ಬ್ಯಾಡ್ರಿ, ಅವ್ವ ಹೊಸಬರ ಕೈಲೆ ಮೈ ತೊಳಸ್ಕೊಳ್ಲಾಕ ನಾಚ್ಕೋತಾಳ. ಇನ್‌ಬಾಕ್ಸ್ ಮಾಡ್ರಿ.